ದೋಣಿಗೆ ಬಳಿದ ಡಾಂಬರು

ಅಪ್ಪಾ,

ನೀನು ತೀರಿಹೋದಾಗಿನಿಂದ ಹೊಳೆದಂಡೆಯಲ್ಲೇ ಬಿದ್ದಿದ್ದ ಫೈಬರ್ ದೋಣಿಯನ್ನು ಇವತ್ತು ಬೋರಲು ಹಾಕಿದೆ. ಒತ್ತಿದರೆ ತಳ ಬಗ್ಗುತ್ತಿತ್ತು. ಬಿದಿರಿನ ಹರಿಗೋಲಿಗೆ ಬಳಿಯುವಂತೆ ನೀನು ಬಳಿದಿದ್ದ ಡಾಂಬರನ್ನೆಲ್ಲ ಕೆರೆದು ತೆಗೆದೆ. ಅದರ ಮೇಲೆ ಫೈಬರ್ ಹಿಡಿಯುವುದಿಲ್ಲ. ಒಳಗೆ ಅಡ್ಡಪಟ್ಟಿ ಕೂರಿಸಿ, ಅಂಟಿನಲ್ಲಿ ನೆನೆಸಿದ ಫೈಬರ್ ಬಟ್ಟೆಯನ್ನು ಮೂರು ಪದರ ಹಾಕಿದೆ. ಸಂಜೆ ನಿನ್ನ ತಂಗಿ ಹುಲುಗಮ್ಮತ್ತೆ ಬಂದು ಗುದ್ದಿ ನೋಡಿದಳು.

"ಕಲ್ಲಾಗೈತಿ ಬಿಡು. ಅಣ್ಣಗ ಇದನ್ನ ಯಾರೂ ಹೇಳಿಕೊಡಲಿಲ್ಲ ನೋಡು."

ನೀನು ಡಾಂಬರು ಕಾಯಿಸುತ್ತಿದ್ದ ದಿನ, "ಇದು ಹರಿಗೋಲಲ್ಲ" ಎಂದು ಎಲ್ಲರೆದುರು ನಕ್ಕವನು ನಾನು. "ಮತ್ತೇನು ಹಚ್ಚಬೇಕಲೇ, ಹೇಳು" ಎಂದು ನೀನು ಕೇಳಿದೆ. ಆಗ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನದೆ ಎದ್ದು ಹೋದೆ.