ಬೀಗದೊಳಗಿನ ಪ್ರಿಂಟರು

ಬಸವಕಲ್ಯಾಣ
ಶ್ರಾವಣ ಸೋಮವಾರ, ೨೦೦೧

ವಿಜಯಶ್ರೀ,

ಖೋಡಿ ಹುಡುಗಿ, ಕಂಪ್ಯೂಟರು ನಿಧಾನವಾಯಿತೆಂದು ಯಾರಾದರೂ ನೌಕರಿ ಬಿಡುವ ಮಾತಾಡುತ್ತಾರೇನು? ಹುಮನಾಬಾದದ ಆ ಬೇಳೆ ಗಿರಣಿ ಮಾಲೀಕರು ‘ನಿನ್ನ ಕೈ ಮಂದ’ ಅಂದರಂತೆ, ನೀನೂ ನಂಬಿ ಅಳುತ್ತ ಕೂತೆಯಂತೆ. ಹತ್ತು ವರ್ಷಕ್ಕೇ ನನಗಿಂತ ತೆಳ್ಳಗೆ ರೊಟ್ಟಿ ಬಡಿದ ಕೈ ಅದು.

ನಿನ್ನ ಪತ್ರ ಹಿಡಿದು ಕಂಪ್ಯೂಟರ್ ಕ್ಲಾಸಿನ ಆಸಿಫನ ಹತ್ತಿರ ಹೋದೆ. ಕಂಪ್ಯೂಟರಿನಲ್ಲಿ ಬಿಲ್ಲಿನ ಫಾರ್ಮು ಜೋಡಿಸುವಾಗ ಒಂದು ಚೌಕ ಸರಿಸಿದರೆ ಚಹಾ ಕುಡಿದು ಬರುವಷ್ಟು ತಡವೆಂದು ನೀನು ಬರೆದದ್ದನ್ನು ಓದಿ, ‘ಆಫೀಸಿನ ಪ್ರಿಂಟರ್ ಎಲ್ಲದರಿ ಆಯಿ?’ ಎಂದ. ಅಮಾವಾಸ್ಯೆಗೆ ವಿಭೂತಿ ಹಚ್ಚಿ, ಬಟ್ಟೆ ಮುಚ್ಚಿ, ಮಾಲೀಕರು ತಮ್ಮ ಕೋಣೆಯಲ್ಲಿ ಬೀಗ ಹಾಕಿಟ್ಟಿದ್ದಾರೆಂದು ನೀನು ಹಿಂದೆ ಬರೆದಿದ್ದೆಯಲ್ಲ, ಅದನ್ನೇ ಹೇಳಿದೆ. ನಕ್ಕುಬಿಟ್ಟ.

‘ಹುಡುಗೀದು ಕಸೂರ್ ಇಲ್ರಿ. ಚೌಕ ಸರಿಸಿದಾಗೆಲ್ಲ ಕಂಪ್ಯೂಟರು ಆ ಪ್ರಿಂಟರಿಗೆ ಕಾಗದದ ಹಾಳಿ ಅಳತಿ ಕೇಳ್ತದ. ಅದು ಬಂದ್ ಅದ, ಇದು ಜವಾಬಿಗೆ ಕಾಯ್ಕೋತ ಕೂಡ್ತದ.’

ಅತ್ತೆ ಮುಡಬಿ ಊರಿಗೆ ಹೋದಮೇಲೂ ‘ಉಪ್ಪು ಹಾಕಲೇನ್ರಿ’ ಎಂದು ಕೇಳುತ್ತ ನಿಂತ ಸೊಸೆಯಂತಾಯಿತು! ನಿನ್ನ ಕಂಪ್ಯೂಟರಿನಲ್ಲಿ ಬೇರೊಂದು ಪ್ರಿಂಟರಿನ ಹೆಸರು ಸೇರಿಸಿ, ಅದನ್ನೇ ಮುಖ್ಯ ಪ್ರಿಂಟರೆಂದು ಆರಿಸಬೇಕಂತೆ. ಆ ಯಂತ್ರ ಎದುರಿಗೆ ಇರದಿದ್ದರೂ ನಡೆಯುತ್ತದಂತೆ, ಅದರ ಹಾಳೆಯ ಅಳತೆ ನಿನ್ನ ಕಂಪ್ಯೂಟರಿನೊಳಗೇ ಇರುತ್ತದಂತೆ.

ಇಷ್ಟು ಮಾಡಿದ ಮೇಲೂ ಬೇಸರವಾದರೆ ನೌಕರಿ ಬಿಡು, ಬೈಯುವುದಿಲ್ಲ. ಆದರೆ ‘ನನಗ ಬರೂದಿಲ್ಲ’ ಎಂದು ಹೇಳಿ ಬಿಟ್ಟರೆ ಮನೆಗೆ ಸೇರಿಸುವುದಿಲ್ಲ. ಶೇಂಗಾ ಹಿಂಡಿ ಕಳಿಸಿದ್ದೇನೆ, ರೊಟ್ಟಿಗೆ ಹಚ್ಚಿಕೊಂಡು ಹೊಟ್ಟೆ ತುಂಬ ಉಣ್ಣು.

ಮುಂದಿನ ತಿಂಗಳು ಶುರುವಾಗುವುದರೊಳಗೆ ಉತ್ತರ ಬರೆ. ಇಲ್ಲವಾದರೆ ಬಸ್ಸು ಹತ್ತಿ ನಾನೇ ಬರುತ್ತೇನೆ, ಆಮೇಲೆ ನನ್ನ ಬಾಯಿಗೆ ನೀನೇ ಹೊಣೆ.

ನಿನ್ನ ಆಯಿ,
ಕಸ್ತೂರಿಬಾಯಿ