ಮೂರನೇ ಚಿತ್ರ ನೋಡಿದವರ ಅಭಿಪ್ರಾಯ

ಮರ್ಕಂಜ
೧೨-೫-೧೯೮೪

ಶ್ರೀ ಅಚ್ಚುತರಿಗೆ,

ನೀವು ಕಥೆ ಬರೆದ ಕಾಲೇಜು ಪ್ರೇಮದ ಮೂರನೇ ಚಿತ್ರ, ಕೊನೆಯದಂತೆ, ಪುತ್ತೂರಿಗೆ ಬಂದಿದೆ. ನೋಡಿದವರು ಅಭಿಪ್ರಾಯ ಬರೆಯಿರಿ ಎಂದು ಪತ್ರಿಕೆಯಲ್ಲಿ ಕೇಳಿದ್ದಿರಿ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೆರಡು ಚಿತ್ರಗಳಲ್ಲಿ, ಕಾಲೇಜಿನಲ್ಲಿದ್ದಾಗ ನಾನು ನಿಮ್ಮಲ್ಲಿ ಆಡಿದ ಮಾತುಗಳನ್ನೇ ನಾಯಕಿ ಆಡಿದಳು. ಸುಮ್ಮನಿದ್ದೆ. ಇದರಲ್ಲಿ ಅವಳು ಶ್ರೀಮಂತನೊಬ್ಬನನ್ನು ಆಸೆಪಟ್ಟು, ಹುಡುಗನ ಜೊತೆ ಊರು ಬಿಟ್ಟು ಹೋಗಿ ಮದುವೆಯಾಗುವ ಮಾತು ತಪ್ಪುತ್ತಾಳೆ, ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ಅಳುತ್ತಾ ಕಾಯುತ್ತಾನೆ. ಹಿಂದಿನಿಂದ ಯಾರೋ, "ಎಂತ ಹೆಣ್ಣು ಮಾರಾಯ್ರೆ, ಇವಳಿಗೆ ಒಳ್ಳೇದಾಗ್ಲಿಕ್ಕಿಲ್ಲ" ಎಂದರು.

ನಿಮ್ಮ ಅಮ್ಮನೂ ಬಂದಿದ್ದರು. ಹೊರಗೆ ನನ್ನನ್ನು ಕಂಡು, "ನೋಡಿದೆಯಾ, ನನ್ನ ಮಗನನ್ನು ಎಷ್ಟು ಅಳಿಸಿದ್ದಿ!" ಎಂದರು, ಎಲ್ಲರೆದುರು.

"ಸುಳ್ಯದಲ್ಲಿ ಕೊನೆಯ ಬಸ್ಸಿನವರೆಗೆ ಕಾದದ್ದು ನಾನು, ಅಮ್ಮ. ಬಾರದೆ ಇದ್ದದ್ದು ನಿಮ್ಮ ಮಗ."

"ಯಾವತ್ತು?"

"ಕಾಲೇಜು ಮುಗಿದ ವರ್ಷ, ಬಿಸು ಹಬ್ಬದ ಮರುದಿನ."

ಅವರ ಮುಖ ಬಾಡಿತು. "ಆವತ್ತು ಅವ ಜ್ವರ ಅಂತ ಮನೆಯಲ್ಲೇ ಮಲಗಿದ್ದ. ಮೈ ಮುಟ್ಟಿ ನೋಡಿದ್ದೆ, ತಣ್ಣಗಿತ್ತು. ಇಷ್ಟು ವರ್ಷ ನಿನ್ನನ್ನು ಬೈದೆನಲ್ಲ ಮಗಾ" ಎಂದು ಅಲ್ಲೇ ಅತ್ತರು. ನಾನು ಸಮಾಧಾನ ಮಾಡಲಿಲ್ಲ. "ನಿಮ್ಮ ಸೊಸೆಯಾಗುವವಳಿಗೂ ಇದು ಗೊತ್ತಾಗಬೇಡವೇ?" ಎಂದು ಮಾತ್ರ ಕೇಳಿದೆ.

ನಿನ್ನೆ ಅವರೇ ಪೆರಾಬೆಗೆ ಹೋಗಿ, ನಿಮಗೆ ನಿಶ್ಚಯವಾದ ಶೀಲಾವತಿಗೆ ಎಲ್ಲ ಹೇಳಿದರಂತೆ. ಆಕೆಯೂ ಚಿತ್ರ ನೋಡಿದ್ದಳು, ನಾಯಕನಿಗಾಗಿ ಅತ್ತಿದ್ದಳಂತೆ. ಈಗ ಅಭಿಪ್ರಾಯ ಬದಲಾಗಿದೆ. ಆಕೆ ಬಿಚ್ಚಿ ಕೊಟ್ಟ ನಿಶ್ಚಯದ ಉಂಗುರ ನಿಮ್ಮ ಅಮ್ಮನ ಕೈಯಲ್ಲಿ ಉಂಟು. ಅಂಚೆಯಲ್ಲಿ ಕಳಿಸಲು ಅವರಿಗೆ ಧೈರ್ಯವಿಲ್ಲ, ನೀವೇ ಬಂದು ತೆಗೆದುಕೊಂಡು ಹೋಗಿ.

ಇತಿ ಪ್ರೇಕ್ಷಕರಲ್ಲಿ ಒಬ್ಬಳು,
ಕುಮುದಿನಿ