ಇಟಲಿಯ ಪೀಪಾಯಿ, ಬನಹಟ್ಟಿಯ ಮಗ್ಗ

ಬನಹಟ್ಟಿ
ತಾ. ೧೨-೧೧-೧೯೫೩

ಇಟಲಿಯಲ್ಲಿರುವ ನಮ್ಮ ಮನೆಯವರಿಗೆ ರುಕ್ಮವ್ವನ ನಮಸ್ಕಾರಗಳು.

ಆರೋಗ್ಯ ಹೇಗಿದೆ? ಯುದ್ಧದಲ್ಲಿ ಗುಂಡು ತಗುಲಿದ ಕಾಲು ಅಲ್ಲಿಯ ಚಳಿಗೆ ನೋಯುತ್ತಿರಬೇಕು. ಎಣ್ಣೆ ಹಚ್ಚಿ ಕಾಸಿಕೊಳ್ಳಿರಿ. ಇಷ್ಟು ಕೇಳುವುದು ನನ್ನ ಧರ್ಮ, ಕೇಳಿದೆ. ಇನ್ನು ಬರೆಯುವುದೆಲ್ಲ ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ.

ದೀಪಾವಳಿಗೆ ಮೊದಲು ನಿಮ್ಮ ಪತ್ರ ಬಂತು. ಮಾವನವರು ಮಗ್ಗ ನಿಲ್ಲಿಸಿ, "ಓದವಾ, ನನ್ನ ಮಗಾ ಏನ್ ಬರದಾನ ಕೇಳೂನು" ಎಂದು ಗೋಡೆಗೆ ಒರಗಿ ಕುಳಿತರು. ಸೆರೆಶಿಬಿರದಿಂದ ತಪ್ಪಿಸಿಕೊಂಡ ನಿಮ್ಮನ್ನು ದ್ರಾಕ್ಷಾರಸದ ಪೀಪಾಯಿಗಳ ಹಿಂದೆ ಅಡಗಿಸಿ ಕಾಪಾಡಿದ ಮುದುಕ ಪಿಯೆತ್ರೋ ಇನ್ನೂ ಗಟ್ಟಿಯಾಗಿದ್ದಾನೆಂದು ತಿಳಿದು ಕೈಮುಗಿದರು. ಊರವರೆಲ್ಲ ಯಂತ್ರ ತಂದರೂ ಅವನ ಮನೆಯಲ್ಲಿ ಹಣ್ಣನ್ನು ಕಾಲಿನಿಂದಲೇ ತುಳಿಯುತ್ತಾರೆ, ಅಜ್ಜನ ಕಾಲದ ಕಟ್ಟಿಗೆಯ ಪೀಪಾಯಿಯಲ್ಲಿಯೇ ರಸ ಹುದುಗಿಸುತ್ತಾರೆ, ಅವನ ಮಕ್ಕಳು ಯುದ್ಧದಲ್ಲಿ ಸತ್ತದ್ದರಿಂದ ಆ ಪದ್ಧತಿ ಉಳಿಸುವ ಹೊಣೆ ನಿಮ್ಮ ಮೇಲೆ ಬಿದ್ದಿದೆ ಎಂದು ಬರೆದಿದ್ದಿರಿ. ಮಾವನವರ ಮುಖ ಅರಳಿತು. ಅದೇ ಭರದಲ್ಲಿ ಕೆಳಗಿನದನ್ನೂ ಓದಿಬಿಟ್ಟೆ: ಕೈಮಗ್ಗದ ಕಾಲ ಮುಗಿಯಿತು, ಮಗ್ಗವನ್ನು ನಮ್ಮೂರ ಈರಪ್ಪನಿಗೆ ಕೊಟ್ಟುಬಿಡಿರಿ, ಅಪ್ಪ ಅವನ ಪಾವರ್‌ಲೂಮಿನಲ್ಲಿ ಕೆಲಸಕ್ಕೆ ಸೇರಲಿ, ಅವನಿಗೂ ಬರೆದಿದ್ದೇನೆ.

ಮಾವನವರು ಆ ದಿನ ಮಗ್ಗಕ್ಕೆ ಇಳಿಯಲಿಲ್ಲ, ಮರುದಿನವೂ ಇಳಿಯಲಿಲ್ಲ.

ಯುದ್ಧ ಮುಗಿದು ಮನೆಗೆ ಬಂದವರು, ಪಿಯೆತ್ರೋ ಕರೆದದ್ದೇ ತಡ, ಒಂದು ಸುಗ್ಗಿ ಮುಗಿಸಿ ಬರುತ್ತೇನೆಂದು ಮತ್ತೆ ಹಡಗು ಹತ್ತಿದಿರಿ. ಅವನ ಋಣ ದೊಡ್ಡದು, ಒಪ್ಪುತ್ತೇನೆ. ಕಾಡಸಿದ್ಧೇಶ್ವರನ ಗುಡಿಯಲ್ಲಿ ಅವನ ಹೆಸರಿನಲ್ಲಿ ದೀಪಕ್ಕೆ ಎಣ್ಣೆ ಹಾಕಿದವಳು ನಾನು. ಸರಕಾರ ದಾರೂಬಂದಿ ಮಾಡಿದ ಮೇಲೆ, ನೀವು ಮಾಡುವುದೇನೆಂದು ಓಣಿಯವರು ಕೇಳಿದರೆ ಹಣ್ಣಿನ ತೋಟವೆಂದು ಸುಳ್ಳು ಹೇಳುವವಳೂ ನಾನೇ. ಆದರೆ ಅಲ್ಲಿ ಯಂತ್ರ ಬಂದರೆ ರುಚಿ ಕೆಡುತ್ತದೆ, ಇಲ್ಲಿ ಬಂದರೆ ಶಹಾಣತನವೇ? ಅವರ ಅಜ್ಜನ ಪೀಪಾಯಿ ತೊಳೆಯುವ ಕೈಗೆ ಲಾಳಿ ಹಿಡಿಯಲು ಕಲಿಸಿದವರು ಯಾರು?

ಹಬ್ಬ ಮುಗಿದದ್ದೇ ಮಗ್ಗ ಬಿಚ್ಚಿ ಒಯ್ಯಲು ಈರಪ್ಪ ಆಳುಗಳನ್ನು ಕರೆದುಕೊಂಡು ಬಂದ. ಕೆಟ್ಟವನಲ್ಲ, ನಿಮ್ಮ ಮಾತು ನಂಬಿ ಬಂದಿದ್ದ. ಮಾವನವರು ಎದ್ದು ಹೊರಗಿನ ಕಟ್ಟೆಗೆ ಹೋದರು. ನಾನು ಕಂಡಿಕೆಗೆ ನೂಲು ಸುತ್ತುವುದನ್ನು ಬಿಟ್ಟು ಮಗ್ಗದ ಕುಣಿಗೆ ಇಳಿದು ಮಾವನವರು ಕೂರುವ ಜಾಗದಲ್ಲಿ ಕುಳಿತೆ.

"ತಂಗೀ, ನಿನ್ನ ಗಂಡನ ಮಾತೈತಿ" ಎಂದ.

"ಮಾತು ಅವರದು, ಮಗ್ಗ ಮಾವಾರದು. ಬಿಚ್ಚೂದಿದ್ರ ಮೊದಲ ನನ್ನ ಎಬ್ಬಸ್ರಿ, ಅಣ್ಣಾರ" ಎಂದೆ.

ಆಳುಗಳು ಅವನ ಮುಖ ನೋಡಿದರು. ಅವನು ಟೊಪಗಿ ಸರಿಮಾಡಿಕೊಂಡು ಹೊರಟುಹೋದ. ಬಹಳ ಹೊತ್ತಿನ ಮೇಲೆ ಮಾವನವರು ಒಳಗೆ ಬಂದು, "ಕುಂತ ಮ್ಯಾಲ ಸುಮ್ನ ಯಾಕ ಕುಂದರ್ತಿ? ಲಾಳಿ ಹಿಡಿ" ಎಂದರು.

ಈಗ ನಾನು ನೇಯುತ್ತೇನೆ. ಮೊದಲ ಸೀರೆಯ ಅಂಚು ಹಾವು ಹರಿದಂತಾಗಿದೆ. ಅವರು ಬಿಚ್ಚಿಸುತ್ತಾರೆ, ಮತ್ತೆ ನೇಯಿಸುತ್ತಾರೆ. ಓಣಿಯ ಹೆಂಗಸರು ಹಣಿಕಿ ನೋಡಿ ನಗುತ್ತಾರೆ. ನಗಲಿ.

ಪಿಯೆತ್ರೋ ಅವರಿಗೆ ಮಾವನವರು ನಮಸ್ಕಾರ ತಿಳಿಸಿದ್ದಾರೆ. ನಿಮಗೆ ಆಶೀರ್ವಾದ ಬರೆಯೆಂದರು. ನನಗೆ ಮನಸ್ಸಿರಲಿಲ್ಲ, ಬರೆದಿದ್ದೇನೆ.

ಇಂತಿ, ಸಿಟ್ಟು ಇನ್ನೂ ಇಳಿಯದ
ರುಕ್ಮವ್ವ

ತಾ.ಕ.: ಇದನ್ನು ನಿಮಗೆ ಬರೆಯಬಾರದೆಂದು ಮಾವನವರು ಆಣೆ ಮಾಡಿಸಿಕೊಂಡಿದ್ದರು, ಮುರಿಯುತ್ತಿದ್ದೇನೆ. ಅವರ ಎಡಗಣ್ಣು ಹೋಗಿದೆ, ಬಲಗಣ್ಣೂ ಮಸುಕಾಗುತ್ತಿದೆ. ಹರಿದ ಎಳೆಯನ್ನು ಬೆರಳಿನಿಂದ ಹುಡುಕುತ್ತಾರೆ. ಔಷಧವಿಲ್ಲವೆಂದು ಮಿರಜದ ಡಾಕ್ಟರರು ಹೇಳಿದರು. ಮಗ್ಗ ನಾನು ನಡೆಸುತ್ತೇನೆ, ಅದಕ್ಕಾಗಿ ಬರಬೇಡಿರಿ. ಅವರಿಗೆ ನಿಮ್ಮ ಮುಖ ಕಾಣುವಂತಿರುವಾಗಲೇ ಬನ್ನಿರಿ.